ಬಿರುಬೇಸಿಗೆಯ ರಜೆಗೆ ತಗಡಿನ ಕೂಲರ್: ಏನು ನೋಡಿ ಕೊಳ್ಳಬೇಕು, ಎಲ್ಲಿ ಕೈಕೊಡುತ್ತದೆ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಶನಿವಾರ-ಭಾನುವಾರ ಮನೆಯಲ್ಲೇ ಆರಾಮಾಗಿ ಇರಬೇಕು ಎನ್ನುವವರು ಮೊದಲು ಮಧ್ಯಾಹ್ನಕ್ಕೊಂದು ವ್ಯವಸ್ಥೆ ಮಾಡಿಕೊಳ್ಳಬೇಕು. ಎಲ್ಲಿಗೂ ಹೋಗುವುದಿಲ್ಲ, ಯಾರೂ ಬರುವುದಿಲ್ಲ, ರೊಟ್ಟಿ-ಎಣ್ಣೆಗಾಯಿ ಉಂಡು ಒಂದು ನಿದ್ದೆ, ಎದ್ದ ಮೇಲೆ ಚಹಾ, ಅರ್ಧಕ್ಕೆ ನಿಂತ ಪುಸ್ತಕ. ಬೇಕಾದ್ದು ಇಷ್ಟೇ. ಆದರೆ ಬಿಸಿಲು 40 ಡಿಗ್ರಿ ದಾಟಿದ ದಿನ ಛತ್ತು ಕಾದು ಕೋಣೆಯೆಲ್ಲ ಕುದಿಯುತ್ತದೆ. ಸೀಲಿಂಗ್ ಫ್ಯಾನ್ ಆ ಬಿಸಿಗಾಳಿಯನ್ನೇ ತಲೆಯ ಮೇಲೆ ಸುರಿಯುತ್ತದೆ. ಇಂಥ ಹೊತ್ತಿಗೆಂದೇ ನಮ್ಮ ಕಡೆ ಬೇಸಿಗೆ ಶುರುವಾಗುವಾಗ ಅಂಗಡಿಗಳ ಮುಂದೆ ಸಾಲಾಗಿ ನಿಲ್ಲುವ, ಕಿಟಕಿಯ ಹೊರಗೆ ಕೂರಿಸುವ ದೊಡ್ಡ ತಗಡಿನ ಕೂಲರ್ ಬಗ್ಗೆ ಈ ವಿಮರ್ಶೆ.

ತೀರ್ಪು ಮೊದಲೇ ಹೇಳಿಬಿಡಬಹುದು. ಹೊರಗೋಡೆಗೆ ಕಿಟಕಿ ಇರುವ ಕೋಣೆಯಾದರೆ 18 ಇಂಚಿನ ಫ್ಯಾನ್, ನಿಮಿಷಕ್ಕೆ 900 ಸುತ್ತಿನ ಮೋಟರ್ ಇರುವ ತಗಡಿನ ಕೂಲರ್ ಕಣ್ಣುಮುಚ್ಚಿ ಕೊಳ್ಳಿ. ಕಿಟಕಿಯೇ ಇಲ್ಲದ ನಡುಮನೆಗೆ ಯಾವ ಕೂಲರನ್ನೂ ಕೊಳ್ಳಬೇಡಿ, ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

ಕೂಲರ್ ಕೆಲಸ ಮಾಡುವುದು ನೀರು ಆರುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುವುದರಿಂದ. ಗಾಳಿ ಎಷ್ಟು ಒಣಗಿದೆಯೋ ಅಷ್ಟು ತಂಪು. 40 ಡಿಗ್ರಿ ಬಿಸಿ, ಶೇ 20ರಷ್ಟು ತೇವಾಂಶ ಇರುವ ಮಧ್ಯಾಹ್ನ ಸಾಧಾರಣ ಪ್ಯಾಡ್ (ಗಾಳಿ ಹಾದುಬರುವ, ಪಕ್ಕದ ಒದ್ದೆ ಪದರ) ಇದ್ದರೂ ಕೂಲರಿನ ಬಾಯಲ್ಲಿ ಗಾಳಿ 28 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಮಂಗಳೂರಿನಂಥ ಕರಾವಳಿ ಊರಲ್ಲಿ ಇದೇ ಯಂತ್ರ ಬೆವರು ಹೆಚ್ಚಿಸುತ್ತದೆ. ಕೃಷ್ಣೆ-ತುಂಗಭದ್ರೆಯರ ನಡುವಿನ ಈ ಒಣ ಸೀಮೆಯ ಬಿಸಿಲೇ ಕೂಲರಿಗೆ ಬಲ.

ಕೆಲವರು ಟ್ಯಾಂಕಿಗೆ ಐಸ್ ಸುರಿಯುತ್ತಾರೆ. ದಂಡದ ಕೆಲಸ. ಒಂದು ಕಿಲೋ ಐಸ್ ಕರಗುವಾಗ ಎಳೆದುಕೊಳ್ಳುವ ಬಿಸಿ, ಒಂದು ಲೀಟರ್ ನೀರು ಆರುವಾಗ ಎಳೆದುಕೊಳ್ಳುವುದರ ಏಳರಲ್ಲಿ ಒಂದು ಭಾಗ ಮಾತ್ರ. ಐಸಿನ ದುಡ್ಡನ್ನು ಒಳ್ಳೆಯ ಪ್ಯಾಡಿಗೆ ಹಾಕಿ.

ಇನ್ನು ಸದ್ದಿನ ವಿಷಯ. ರಜೆಯ ಮಧ್ಯಾಹ್ನ ಶಾಂತವಾಗಿರಬೇಕು ಅನ್ನುವವರಿಗೆ ಇದೇ ಎಲ್ಲಕ್ಕಿಂತ ದೊಡ್ಡ ಮಾತು, ಅಂಗಡಿಯಲ್ಲಿ ಯಾರೂ ಎತ್ತದ ಮಾತೂ ಇದೇ. ತಗಡಿನ ಕೂಲರಿಗೆ ಎರಡು ಬಗೆಯ ಮೋಟರ್ ಹಾಕಿ ಕೊಡುತ್ತಾರೆ: ನಿಮಿಷಕ್ಕೆ 1400 ಸುತ್ತಿನದು, 900 ಸುತ್ತಿನದು. 1400ರದ್ದು ಗಾಳಿಯನ್ನು ದೂರಕ್ಕೆ ಎಸೆಯುತ್ತದೆ, ಅಂಗಡಿ ಮುಂದೆ ನಿಂತವರಿಗೆ ಖುಷಿಯಾಗುತ್ತದೆ, ಅದೇ ಬೇಗ ಮಾರಾಟವಾಗುತ್ತದೆ. ಮನೆಗೆ ತಂದ ಮೇಲೆ ಟಿವಿ ಸದ್ದು ಏರಿಸಬೇಕು, ಪಕ್ಕದಲ್ಲಿ ಕೂತವರ ಜೊತೆ ಕೂಗಿ ಮಾತಾಡಬೇಕು, ಹಸುಗೂಸು ಬೆಚ್ಚಿ ಬೀಳುತ್ತದೆ. ಅದೇ ಫ್ಯಾನನ್ನು 900 ಸುತ್ತಿಗೆ ಇಳಿಸಿದರೆ ಗಾಳಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, ಸದ್ದು ಮಾತ್ರ ಅದಕ್ಕಿಂತ ಎಷ್ಟೋ ಹೆಚ್ಚು ಇಳಿಯುತ್ತದೆ. ಆದ್ದರಿಂದ ದೊಡ್ಡ ರೆಕ್ಕೆ, ನಿಧಾನದ ಮೋಟರ್ ಎನ್ನುವುದೇ ಸರಿಯಾದ ಜೋಡಿ. 15 ಇಂಚಿನ ರೆಕ್ಕೆಗೆ 1400 ಸುತ್ತು ಹಾಕಿಸಿಕೊಂಡರೆ ಮಲಗುವ ಕೋಣೆಗೆ ಅದು ಬರುವುದಿಲ್ಲ.

ಮೋಟರ್ ಸರಿಯಿದ್ದರೂ ತಗಡು ನಡುಗಿದರೆ ಗಡಗಡ ತಪ್ಪದು. ಕೊಳ್ಳುವಾಗ ಪಕ್ಕದ ತಗಡನ್ನು ಅಂಗೈಯಿಂದ ಒತ್ತಿ ನೋಡಿ. ಡಬ್ಬದ ಮುಚ್ಚಳದಂತೆ ಒಳಗೆ ಹೋಗಿ ಟಪ್ ಎಂದು ಹೊರಗೆ ಬಂದರೆ ಅದು ತೆಳು ತಗಡು. 24 ಗೇಜಿಗಿಂತ 22 ಗೇಜಿನದು ದಪ್ಪ, ಕೇಳಿ ಅದನ್ನೇ ತೆಗೆದುಕೊಳ್ಳಿ. ಫ್ಯಾನಿನ ಚೌಕಟ್ಟು ತಗಡಿಗೆ ಕೂಡುವ ನಾಲ್ಕೂ ಬೋಲ್ಟುಗಳ ಕೆಳಗೆ ರಬ್ಬರ್ ವಾಷರ್ ಇರಬೇಕು. ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಕತ್ತರಿಸಿ ಅಲ್ಲಿ ಇಡಿ, ಸ್ಟ್ಯಾಂಡಿನ ಕಾಲುಗಳ ಮೇಲೂ ಇಡಿ. ಕಿಟಕಿಯ ಚೌಕಟ್ಟಿಗೆ ಕೂಲರ್ ನೇರವಾಗಿ ತಾಗಿದರೆ ಗೋಡೆಯೇ ಗುಂಯ್‌ಗುಡುತ್ತದೆ. ನಡುವೆ ಅರ್ಧ ಇಂಚು ಸಂದು ಬಿಟ್ಟು ಫೋಮ್ ತುಂಬಿ.

ಅಳತೆಗೆ ಒಂದು ಸುಲಭ ಲೆಕ್ಕ ಇದೆ. ಕೋಣೆಯ ಉದ್ದ, ಅಗಲ, ಎತ್ತರವನ್ನು ಅಡಿಗಳಲ್ಲಿ ಗುಣಿಸಿ ಎರಡರಿಂದ ಭಾಗಿಸಿ. ಬಂದಷ್ಟು ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ ಬೇಕು. 12ಕ್ಕೆ 15 ಅಡಿಯ, 10 ಅಡಿ ಎತ್ತರದ ಕೋಣೆಗೆ 900. ಮೇಲೆ ಇನ್ನೊಂದು ಮಹಡಿ ಇಲ್ಲದೆ ಛತ್ತು ನೇರ ಬಿಸಿಲಿಗೆ ಕಾಯುವ ಮನೆಯಾದರೆ ಅದರ ಒಂದೂವರೆ ಪಟ್ಟು ಹಿಡಿಯಿರಿ.

ಕೂಲರನ್ನು ಹೊರಗಿಡಬೇಕು ಎಂಬುದು ಹಲವರಿಗೆ ಗೊತ್ತು. ಗಾಳಿ ಹೊರಗೆ ಹೋಗಲೂ ದಾರಿ ಬೇಕು ಎಂಬುದು ಮರೆತುಹೋಗುತ್ತದೆ. ತಂಪು ಹೊರಹೋಗುತ್ತದೆ ಎಂದು ಬಾಗಿಲು-ಕಿಟಕಿ ಎಲ್ಲ ಮುಚ್ಚಿದರೆ ಅರ್ಧ ಗಂಟೆಯಲ್ಲಿ ಕೋಣೆ ತೇವದಿಂದ ತುಂಬಿ, ನೆಲ ಜಿಗುಟಾಗಿ, ಮೈಯೆಲ್ಲ ಅಂಟಂಟು. ಕೂಲರಿನ ಎದುರಿನ ಗೋಡೆಯ ಕಿಟಕಿಯನ್ನು ಸುಮಾರು ಎರಡು ಚದರಡಿಯಷ್ಟು ತೆರೆದಿಡಿ. ಸರಿ ಇದೆಯೋ ಇಲ್ಲವೋ ನೋಡಲು ಆ ಕಿಟಕಿಯ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ಎಳೆದಂತೆ ಹೊರಗೆ ಹೋದರೆ ಸರಿ. ಅಲ್ಲೇ ಸುತ್ತಿದರೆ ಇನ್ನಷ್ಟು ತೆರೆಯಿರಿ. ಕೋಣೆಯ ಒಳಗೇ ಗಾಲಿಗಳ ಮೇಲೆ ಓಡಾಡಿಸುವ ಪ್ಲಾಸ್ಟಿಕ್ ಕೂಲರುಗಳು ಈ ಊರಿನಲ್ಲಿ ನಿರಾಸೆ ಮಾಡುವುದು ಇದೇ ಕಾರಣಕ್ಕೆ: ಒಮ್ಮೆ ತೇವಗೊಂಡ ಗಾಳಿಯನ್ನೇ ಮತ್ತೆ ಮತ್ತೆ ಎಳೆಯುತ್ತವೆ. ಅವನ್ನು ಕೊಂಡವರು ಹಿಂಭಾಗವನ್ನು ತೆರೆದ ಕಿಟಕಿಗೆ ಒತ್ತಿ ಇಟ್ಟರೆ ವ್ಯತ್ಯಾಸ ಕೂಡಲೇ ಕಾಣುತ್ತದೆ.

ಪ್ಯಾಡಿನಲ್ಲಿ ಎರಡು ಜಾತಿ. ಅಂಗಡಿಯಲ್ಲಿ ಹುಲ್ಲು ಎಂದು ಕೊಡುವ ಮರದ ನಾರು ಅಗ್ಗ, ತಂಪು ಚೆನ್ನಾಗಿಯೇ ಕೊಡುತ್ತದೆ, ಆದರೆ ಒಂದೇ ಬೇಸಿಗೆಯ ಬಾಳು. ಕೆಳಕ್ಕೆ ಕುಸಿದು ಮೇಲೆ ಬಟಾಬಯಲಾಗುತ್ತದೆ. ಜೇನುಗೂಡಿನಂತೆ ಕಣ್ಣುಗಳಿರುವ ದಪ್ಪ ಕಾಗದದ ಹನಿಕೋಂಬ್ ಪ್ಯಾಡ್ ದುಬಾರಿ, ಎರಡು ಮೂರು ಬೇಸಿಗೆ ಬರುತ್ತದೆ, ಗಾಳಿಗೆ ಅಡ್ಡಿ ಕಡಿಮೆ. ಉಪ್ಪು ಕಟ್ಟುವ ನಮ್ಮ ಬೋರ್‌ವೆಲ್ ನೀರಿಗೆ ಹುಲ್ಲೇ ವಾಸಿ. ಉಪ್ಪು ಕಟ್ಟಿದ ಹನಿಕೋಂಬನ್ನು ಉಜ್ಜಿದರೆ ಹರಿಯುತ್ತದೆ, ಬಿಟ್ಟರೆ ಕಲ್ಲಾಗುತ್ತದೆ. ಹುಲ್ಲಾದರೆ ಕಿತ್ತೊಗೆದು ಹೊಸದು ತುಂಬಬಹುದು. ನದಿ ನೀರು, ಕಾಲುವೆ ನೀರು ನಲ್ಲಿಗೆ ಬರುವ ಬಡಾವಣೆಯವರು ಧೈರ್ಯವಾಗಿ ಹನಿಕೋಂಬ್ ಹಾಕಿಸಿ. ಹೊಸ ಹುಲ್ಲನ್ನು ಒಂದು ರಾತ್ರಿ ಬಕೆಟ್ ನೀರಲ್ಲಿ ನೆನೆಸಿ ಆ ಕಂದು ನೀರು ಚೆಲ್ಲಿಬಿಟ್ಟರೆ ಮೊದಲ ದಿನಗಳ ವಾಸನೆ ಬಹುಪಾಲು ಹೋಗುತ್ತದೆ. ಲಾವಂಚದ ಬೇರಿನ ಪ್ಯಾಡ್ ಸಿಕ್ಕರೆ ಒಂದು ಬದಿಗಾದರೂ ಹಾಕಿಸಿ. ಅದರ ಘಮಕ್ಕೆ ಸಾಟಿ ಇಲ್ಲ.

ಬೋರ್‌ವೆಲ್ ನೀರು ತುಂಬುವ ಮನೆಗಳಲ್ಲಿ ತೊಂದರೆ ಶುರುವಾಗುವುದು ಮೇಲಿನ ದೋಣಿಯಲ್ಲಿ. ಪಂಪು ನೀರನ್ನು ಮೇಲಕ್ಕೆ ಎತ್ತಿ ಪ್ಯಾಡಿನ ತಲೆಯ ಮೇಲಿರುವ ಸಣ್ಣ ತಗಡಿನ ದೋಣಿಗೆ ಬಿಡುತ್ತದೆ. ಅದರ ತಳದ ಸಾಲು ತೂತುಗಳಿಂದ ನೀರು ಹುಲ್ಲಿಗೆ ಇಳಿಯುತ್ತದೆ. ಆ ತೂತುಗಳ ಅಂಚಿಗೆ ಮೊದಲು ಬಿಳಿ ಉಂಗುರ ಕಟ್ಟುತ್ತದೆ, ಆಮೇಲೆ ಉಂಗುರ ಒಳಕ್ಕೆ ಬೆಳೆಯುತ್ತದೆ, ಕೊನೆಗೆ ತೂತು ಮುಚ್ಚುತ್ತದೆ. ಆಗ ಆ ತೂತಿನ ಕೆಳಗೆ ಹುಲ್ಲಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದು ಒಣ ಪಟ್ಟಿ ಬೀಳುತ್ತದೆ. ಒದ್ದೆ ಹುಲ್ಲಿಗಿಂತ ಒಣ ಹುಲ್ಲಿನಲ್ಲಿ ಗಾಳಿಗೆ ತಡೆ ಕಡಿಮೆ, ಹಾಗಾಗಿ ಬೀದಿಯ ಬಿಸಿಗಾಳಿ ಆ ಪಟ್ಟಿಯನ್ನೇ ಹುಡುಕಿಕೊಂಡು ಒಳಗೆ ನುಗ್ಗುತ್ತದೆ. ಮೂರು ಬದಿಯಲ್ಲಿ ಎರಡು ಮೂರು ಪಟ್ಟಿ ಬಿದ್ದರೆ ಸಾಕು, ಕೂಲರ್ ಕೆಟ್ಟಿದೆ ಎಂದು ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಕೆಟ್ಟಿರುವುದಿಲ್ಲ. ಪ್ಲಗ್ ತೆಗೆದು, ಮೇಲಿನ ಮುಚ್ಚಳ ಎತ್ತಿ, ಸಣ್ಣ ಮೊಳೆಯಿಂದ ತೂತುಗಳನ್ನು ಒಂದೊಂದಾಗಿ ಬಿಡಿಸಿ. ಗಟ್ಟಿ ಕಟ್ಟಿದ್ದರೆ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಲ್ಲಿ ಕರಗಿಸಿ ದೋಣಿಗೆ ಸುರಿದು ಅರ್ಧ ಗಂಟೆ ಬಿಟ್ಟು ತೊಳೆಯಿರಿ.

ಉಪ್ಪು ಕಟ್ಟುವುದನ್ನು ಪೂರ್ತಿ ತಡೆಯಲಾಗದು, ನಿಧಾನ ಮಾಡಬಹುದು. ಕಡು ಬಿಸಿಲಲ್ಲಿ ಇಂಥ ಕೂಲರ್ ಗಂಟೆಗೆ 10 ಲೀಟರಿಗೂ ಹೆಚ್ಚು ನೀರು ಕುಡಿಯುತ್ತದೆ, ಅಂದರೆ ಒಂದೂವರೆ ಗಂಟೆಗೆ ಒಂದು ಕೊಡ. ಆರಿದ್ದು ನೀರು ಮಾತ್ರ, ಅದರೊಳಗಿನ ಉಪ್ಪೆಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. ಮೇಲಿಂದ ಹೊಸ ನೀರು ತುಂಬುತ್ತಾ ಹೋದಂತೆ ಉಪ್ಪು ದಟ್ಟವಾಗುತ್ತದೆ. ಬೋರಿನ ನೀರಾದರೆ ಮೂರು ದಿನಕ್ಕೊಮ್ಮೆ ತಳದ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡಿ. ಆ ನೀರನ್ನು ಗಿಡಗಳಿಗೆ ಹಾಕದೆ ಅಂಗಳ ತೊಳೆಯಲು ಬಳಸಿ. ನೀರಿನ ಮಟ್ಟ ಪಂಪಿಗಿಂತ ಕೆಳಗಿಳಿಯಲು ಎಂದೂ ಬಿಡಬೇಡಿ. ಒಣಗಿ ಓಡಿದ ಪಂಪು ಸುಟ್ಟುಹೋಗುತ್ತದೆ. ಫ್ಲೋಟ್ ವಾಲ್ವ್ ಹಾಕಿಸಿ ಪೈಪ್ ಕೊಟ್ಟುಬಿಟ್ಟರೆ ರಜೆಯ ದಿನ ಕೊಡ ಹೊರುವ ಕೆಲಸವೂ ತಪ್ಪುತ್ತದೆ. ನಿದ್ದೆಯ ನಡುವೆ ಎದ್ದು ನೀರು ನೋಡುವ ಪಾಡು ಯಾರಿಗೂ ಬೇಡ.

ಸೊಳ್ಳೆಯ ಮಾತೂ ಇಲ್ಲೇ ಹೇಳಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರೇ ಬೇಕು, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಮೊಟ್ಟೆಗಳು ನೀರಿನ ಮಟ್ಟದ ಮೇಲೆ ಟ್ಯಾಂಕಿನ ಗೋಡೆಗೆ ಅಂಟಿರುತ್ತವೆ. ನೀರು ಚೆಲ್ಲಿದರಷ್ಟೇ ಸಾಲದು, ಗಟ್ಟಿ ಬ್ರಷ್ಷಿನಿಂದ ಗೋಡೆ ಉಜ್ಜಬೇಕು. ವಾರಪೂರ್ತಿ ಬಂದ್ ಇದ್ದು ರಜೆಗಷ್ಟೇ ಓಡುವ ಕೂಲರಿಗೆ ಇದು ಇನ್ನೂ ಮುಖ್ಯ: ಭಾನುವಾರ ರಾತ್ರಿ ಖಾಲಿ ಮಾಡಿ ಒಣಗಲು ಬಿಡಿ, ಶನಿವಾರ ಹೊಸ ನೀರು ತುಂಬಿ.

ಕರೆಂಟಿನ ವಿಷಯದಲ್ಲಿ ಸಲುಗೆ ಬೇಡ. ತಗಡು, ನೀರು, ಮೋಟರ್ ಮೂರೂ ಒಂದೇ ಕಡೆ. ಮೂರು ಪಿನ್ನಿನ ಪ್ಲಗ್ ಇದ್ದು ಮನೆಯಲ್ಲಿ ಅರ್ತಿಂಗ್ ಸರಿ ಇಲ್ಲದಿದ್ದರೆ ಆ ಮೂರನೇ ಪಿನ್ ಇದ್ದೂ ಇಲ್ಲದಂತೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ, 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಆಮೇಲೆ ಕೂಲರ್ ಚಾಲೂ ಮಾಡಿ. ನೀರು ತುಂಬುವಾಗ, ಹುಲ್ಲು ಮುಟ್ಟುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಮಕ್ಕಳಿಗೆ ಕೈಗೆಟುಕುವ ಎತ್ತರದಲ್ಲಿ ಇಡಬೇಡಿ.

ಖರ್ಚು ಮಾತ್ರ ನಿಜಕ್ಕೂ ಸಮಾಧಾನ ಕೊಡುವ ಭಾಗ. ಫ್ಯಾನು, ಪಂಪು ಸೇರಿ ಸುಮಾರು 200 ವಾಟ್. ಐದು ಗಂಟೆಗೆ ಒಂದು ಯೂನಿಟ್. ದಿನಕ್ಕೆ ಎಂಟು ಗಂಟೆ, ತಿಂಗಳ ಎಂಟು ರಜಾದಿನ ಓಡಿಸಿದರೆ 13 ಯೂನಿಟ್. ದಿನವೂ ಓಡಿಸಿದರೂ 48. ಒಂದೂವರೆ ಟನ್ನಿನ ಏಸಿ ಈ ಬಿಸಿಲಲ್ಲಿ ಗಂಟೆಗೇ ಒಂದು ಯೂನಿಟ್ ದಾಟುವುದುಂಟು. ಜೆಸ್ಕಾಂ ಬಿಲ್ಲಿನಲ್ಲಿ ಗೃಹಜ್ಯೋತಿ ಪಡೆಯುವ ಮನೆಗಳಿಗೆ ಇದು ಗಟ್ಟಿ ಲೆಕ್ಕ, ಏಕೆಂದರೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಕರೆಂಟ್ ಹೋದಾಗ 150 ಎಎಚ್‌ನ ಒಳ್ಳೆಯ ಬ್ಯಾಟರಿ ಇದ್ದರೆ ಇನ್ವರ್ಟರ್ ಮೇಲೆ ನಾಲ್ಕು ಗಂಟೆ ಓಡುತ್ತದೆ. ಇನ್ವರ್ಟರ್ ಸೈನ್‌ವೇವ್ ಆಗಿರಲಿ. ಸ್ಕ್ವೇರ್‌ವೇವ್ ಮೇಲೆ ಮೋಟರ್ ಗುಂಯ್ ಎಂದು ಕಾಯುತ್ತದೆ.

ಓಡಿಸುವ ಕ್ರಮವೂ ಗೊತ್ತಿರಲಿ: ಮೊದಲು ಪಂಪು ಮಾತ್ರ ಹಾಕಿ, ಹತ್ತು ನಿಮಿಷ ಹುಲ್ಲು ಪೂರ್ತಿ ನೆನೆಯಲಿ, ಆಮೇಲೆ ಫ್ಯಾನ್. ಹತ್ತು ಗಂಟೆಗೇ, ಗೋಡೆ ಕಾಯುವ ಮುಂಚೆ ಶುರು ಮಾಡಿದರೆ ಮಧ್ಯಾಹ್ನ ಎರಡರ ಹೊತ್ತಿಗೆ ಕೋಣೆ ಹಿತವಾಗಿರುತ್ತದೆ. ಮಂಚವನ್ನು ಗಾಳಿಯ ನೇರಕ್ಕೆ ಹಾಕದೆ ಸ್ವಲ್ಪ ಪಕ್ಕಕ್ಕೆ ಸರಿಸಿ, ತಲೆ ಇನ್ನೊಂದು ಕಡೆಗಿರಲಿ. ಮುಖದ ಮೇಲೆ ನೀರಿನ ಹನಿ ಸಿಡಿಯುತ್ತಿದ್ದರೆ ಪಂಪಿನ ನೀರು ಹೆಚ್ಚಾಗಿದೆ, ಇಲ್ಲವೇ ಹುಲ್ಲಿನಲ್ಲಿ ಸಂದು ಬಿದ್ದಿದೆ. ಫ್ಯಾನ್ ಗುಂಯ್‌ಗುಟ್ಟಿ ನಿಧಾನ ತಿರುಗಿದರೆ ಮೊದಲು ಕೆಪಾಸಿಟರ್ ಬದಲಿಸಿ ನೋಡಿ. ಮೋಟರಿನ ಕಾಯಿಲ್ ಹೊಸದಾಗಿ ಸುತ್ತಿಸುವ ಖರ್ಚು ಎಷ್ಟೋ ಸಲ ಅಲ್ಲೇ ಉಳಿಯುತ್ತದೆ.

ಕೂಲರ್ ಓಡುವ ಕೋಣೆಯಲ್ಲಿ ತಿನ್ನುವ ಪದಾರ್ಥ ತೆರೆದಿಡಬೇಡಿ. ಕಡಕ್ ರೊಟ್ಟಿ ಗಂಟೆಯೊಳಗೆ ಮೆತ್ತಗಾಗಿ ಬಾಗುತ್ತದೆ, ಮಂಡಕ್ಕಿ ತೊಗಲಿನಂತಾಗುತ್ತದೆ, ಶೇಂಗಾ ಹಿಂಡಿ ಗಂಟು ಕಟ್ಟುತ್ತದೆ. ರೊಟ್ಟಿ ಬುಟ್ಟಿ ಅಡುಗೆಮನೆಯಲ್ಲೇ ಇರಲಿ, ಒಗ್ಗರಣೆ ಮಂಡಕ್ಕಿ ಕಲಸುವುದು ಕೂಲರ್ ಆರಿಸಿ ಸಂಜೆ ಕಟ್ಟೆಗೆ ಬಂದ ಮೇಲೆ ಆಗಲಿ. ಪುಸ್ತಕದ ಕಪಾಟು, ಹಾರ್ಮೋನಿಯಂ, ತಬಲಾ ಗಾಳಿಯ ನೇರಕ್ಕೆ ಇದ್ದರೆ ಬೇರೆ ಕೋಣೆಗೆ ಸಾಗಿಸಿ. ಉಬ್ಬಸ ಇದ್ದವರ ಮನೆಯಲ್ಲಿ ಹುಲ್ಲನ್ನು ಒಂದು ಬೇಸಿಗೆಗಿಂತ ಹೆಚ್ಚು ಇಟ್ಟುಕೊಳ್ಳಲೇಬೇಡಿ; ಹಳೆಯ ಹುಲ್ಲಿನ ಬೂಸ್ಟು ನೇರ ಎದೆಗೆ ಹೋಗುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೂಲರಿನ ಆಟ ಮುಗಿಯಿತು. 32 ಡಿಗ್ರಿ ಬಿಸಿ, ಶೇ 70 ತೇವಾಂಶದ ದಿನ ಅದು ಇಳಿಸುವುದು ಮೂರು ಡಿಗ್ರಿ ಮಾತ್ರ, ಮೇಲೆ ಸೆಕೆ. ಆಗ ಪಂಪು ಆರಿಸಿ ಬರೀ ಫ್ಯಾನ್ ಓಡಿಸಿ. ಎತ್ತಿಡುವಾಗ ಹುಲ್ಲು ಕಿತ್ತೆಸೆದು, ಟ್ಯಾಂಕ್ ಉಜ್ಜಿ ಎರಡು ದಿನ ಬಿಸಿಲಿಗೆ ಬಿಡಿ. ತುಕ್ಕು ಮೊದಲು ಕಾಣುವುದು ತಳದ ಮೂಲೆಗಳಲ್ಲಿ, ಬೆಸುಗೆಯ ಗೆರೆಯ ಉದ್ದಕ್ಕೆ. ಅಲ್ಲಿ ಎಮರಿ ಕಾಗದದಿಂದ ತಿಕ್ಕಿ ಒಳಗೆಲ್ಲ ಎರಡು ಕೋಟ್ ಕರಿ ಬಿಟುಮಿನ್ ಪೇಂಟ್ ಬಳಿಯಿರಿ. ಪಂಪನ್ನು ಬಿಚ್ಚಿ ಸಿಹಿನೀರಿನಲ್ಲಿ ಐದು ನಿಮಿಷ ಓಡಿಸಿ, ಒರೆಸಿ, ಡಬ್ಬಿಯಲ್ಲಿಡಿ. ಇಷ್ಟು ಮಾಡದ ಕೂಲರಿನ ತಳ ಮುಂದಿನ ಬೇಸಿಗೆಗೇ ಸೋರಬಹುದು.