ಹ್ಯೂಗೊ ಪ್ರಶಸ್ತಿಯ ಮತದಾರ ಸದಸ್ಯತ್ವ: ಐವತ್ತು ಡಾಲರಿಗೆ ತಕ್ಕ ಬೆಲೆಯೇ?

ವೈಜ್ಞಾನಿಕ ಹಾಗೂ ಅದ್ಭುತ ಕಲ್ಪನೆಯ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೊ ಪ್ರಶಸ್ತಿಯ ತೀರ್ಪುಗಾರರ ಸ್ಥಾನ ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಇದು ಕುಹಕದ ಮಾತಲ್ಲ, ಆ ಪ್ರಶಸ್ತಿಯ ನಿಯಮಾವಳಿಯೇ ಹಾಗಿದೆ. ಪ್ರತಿ ವರ್ಷ ಬೇರೊಂದು ಊರಿನಲ್ಲಿ ನಡೆಯುವ ವಿಶ್ವ ವೈಜ್ಞಾನಿಕ ಕಥಾಸಾಹಿತ್ಯ ಸಮ್ಮೇಳನಕ್ಕೆ, ಅಂದರೆ ವರ್ಲ್ಡ್‌ಕಾನ್‌ಗೆ, ಸದಸ್ಯರಾದವರೆಲ್ಲರೂ ಆ ವರ್ಷದ ಹ್ಯೂಗೊ ಮತದಾರರು. ಸಮ್ಮೇಳನಕ್ಕೆ ಖುದ್ದಾಗಿ ಹೋಗುವವರು ಹೆಚ್ಚಿನ ಹಣ ತೆರಬೇಕು. ಮತ ಹಾಕುವುದಷ್ಟೇ ಸಾಕೆನ್ನುವವರಿಗೆ ಮೂಲ ಸದಸ್ಯತ್ವವೊಂದಿದೆ. 2024ರ ಗ್ಲಾಸ್ಗೊ ಸಮ್ಮೇಳನದಲ್ಲಿ ಅದರ ಬೆಲೆ 45 ಪೌಂಡ್, 2025ರ ಸಿಯಾಟಲ್ ಸಮ್ಮೇಳನದಲ್ಲಿ 50 ಡಾಲರ್ ಇತ್ತು. ನಮ್ಮ ಲೆಕ್ಕಕ್ಕೆ ಬದಲಿಸಿಕೊಂಡರೆ ನಾಲ್ಕೂವರೆ ಸಾವಿರ ರೂಪಾಯಿಯ ಆಸುಪಾಸು. ಕನ್ನಡದಲ್ಲಿ ಇಷ್ಟು ಹಣಕ್ಕೆ ಒಂದು ಕಪಾಟಿನ ಸಾಲು ತುಂಬುವಷ್ಟು ಪುಸ್ತಕ ಬರುತ್ತವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಈ ಸೇವೆಯನ್ನು ತೂಗಿ ನೋಡಬೇಕು. ಸದಸ್ಯನಾಗಿ ಮತ ಹಾಕಿದವನಾಗಿ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಣ ಕಟ್ಟುವ ಕೆಲಸ ಸುಲಭ. ಕಾರ್ಡಿನಲ್ಲಿ ವಿದೇಶಿ ವಹಿವಾಟಿಗೆ ಮೊದಲೇ ಅನುಮತಿ ಕೊಟ್ಟಿರಬೇಕು, ಬ್ಯಾಂಕು ಹಾಕುವ ವಿನಿಮಯ ಶುಲ್ಕಕ್ಕೂ ಸಿದ್ಧರಿರಬೇಕು, ಅಷ್ಟೇ. ಆದರೆ ಯಾವಾಗ ಕಟ್ಟುತ್ತೇವೆ ಎಂಬುದು ಮುಖ್ಯ. ಜನವರಿ ಮುಗಿಯುವುದರೊಳಗೆ ಸೇರಿದವರಿಗೆ ಮಾತ್ರ ಅಂತಿಮ ಪಟ್ಟಿಗೆ ಕೃತಿಗಳನ್ನು ಸೂಚಿಸುವ ಹಕ್ಕು ದೊರೆಯುತ್ತದೆ. ತಡವಾಗಿ ಸೇರಿದವರು ಅಂತಿಮ ಸುತ್ತಿನಲ್ಲಷ್ಟೇ ಮತ ಹಾಕಬಹುದು. ಒಮ್ಮೆ ಸೇರಿದವರು ಮರುವರ್ಷವೂ ಹಣ ಕಟ್ಟದೆ ಕೃತಿಗಳನ್ನು ಸೂಚಿಸಬಹುದು ಎಂಬ ಅನುಕೂಲವನ್ನು ಬಹಳ ಮಂದಿ ಮರೆತೇಬಿಡುತ್ತಾರೆ.

ಹೆಚ್ಚಿನವರು ಹಣ ಕೊಡುವುದು ಮತದಾರರಿಗೆ ಕಳುಹಿಸುವ ಕೃತಿಗಳ ಕಟ್ಟಿಗಾಗಿ. ಅಂತಿಮ ಪಟ್ಟಿ ಪ್ರಕಟವಾಗಿ ಕೆಲವು ವಾರಗಳ ನಂತರ, ಲೇಖಕರು ಮತ್ತು ಪ್ರಕಾಶಕರು ಒಪ್ಪಿದ ಕೃತಿಗಳೆಲ್ಲ ಇ-ಪುಸ್ತಕಗಳಾಗಿ ಸದಸ್ಯರಿಗೆ ಡೌನ್‌ಲೋಡ್‌ಗೆ ಲಭ್ಯವಾಗುತ್ತವೆ. ಒಂದೊಂದು ವಿಭಾಗಕ್ಕೆ ಆರು ಕೃತಿಗಳು. ಕಾದಂಬರಿ, ಕಿರುಕಾದಂಬರಿ, ನೀಳ್ಗತೆ, ಸಣ್ಣಕಥೆ, ಚಿತ್ರಕಥೆ (ಅಂದರೆ ಕಾಮಿಕ್ಸ್), ಕೃತಿಸರಣಿ ಹೀಗೆ ವಿಭಾಗಗಳು ಬೆಳೆಯುತ್ತ ಹೋಗುತ್ತವೆ. ಎಲ್ಲವನ್ನೂ ಅಂಗಡಿಯ ಬೆಲೆಗೆ ಕೊಳ್ಳುವುದಾದರೆ ಸದಸ್ಯತ್ವದ ಹಲವು ಪಟ್ಟು ಹಣ ಬೇಕಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಹಾಗೆಂದು ಇದನ್ನು ಅಗ್ಗದ ಪುಸ್ತಕದಂಗಡಿ ಎಂದು ಭಾವಿಸಿ ಸೇರಿದವರಿಗೆ ನಿರಾಸೆ ಖಂಡಿತ, ಏಕೆಂದರೆ ಇದು ಪ್ರಕಾಶಕರ ಔದಾರ್ಯವೇ ಹೊರತು ಸದಸ್ಯರ ಹಕ್ಕಲ್ಲ. ಕೆಲವರು ಇಡೀ ಪುಸ್ತಕ ಕೊಡುತ್ತಾರೆ, ಕೆಲವರು ಆರಂಭದ ಅಧ್ಯಾಯಗಳನ್ನಷ್ಟೇ ಕೊಟ್ಟು ಉಳಿದದ್ದನ್ನು ಕೊಂಡು ಓದಿ ಎನ್ನುತ್ತಾರೆ, ಇನ್ನು ಕೆಲವರು ಪಿಡಿಎಫ್‌ನ ಪ್ರತಿ ಪುಟದ ಮೇಲೂ ಮಸುಕು ಅಕ್ಷರಗಳ ಮುದ್ರೆ ಒತ್ತಿರುತ್ತಾರೆ. ಫೋನಿನ ಪರದೆಯಲ್ಲಿ ಆ ಮುದ್ರೆ ಸಾಲುಗಳ ಮೇಲೆ ಅಡ್ಡಡ್ಡ ಹಾದುಹೋಗಿ ಕಣ್ಣಿಗೆ ಹಿಂಸೆ ಕೊಡುತ್ತದೆ. ಚಿತ್ರಕಥೆಗಳಂತೂ ದೊಡ್ಡ ಟ್ಯಾಬ್ಲೆಟ್ ಇಲ್ಲದೆ ಓದಲಾಗುವುದಿಲ್ಲ.

ಈ ಕಟ್ಟಿನಲ್ಲಿ ನಿಜವಾದ ಲಾಭವಿರುವುದು ಕಿರುಕಾದಂಬರಿ, ನೀಳ್ಗತೆ ಮತ್ತು ಸಣ್ಣಕಥೆಗಳಲ್ಲಿ. ಹ್ಯೂಗೊ ನಿಯಮದ ಪ್ರಕಾರ 7,500 ಪದಗಳಿಗಿಂತ ಕಡಿಮೆ ಇದ್ದರೆ ಸಣ್ಣಕಥೆ, 17,500ರವರೆಗೆ ನೀಳ್ಗತೆ, 40,000ರವರೆಗೆ ಕಿರುಕಾದಂಬರಿ, ಅದರಾಚೆಗೆ ಕಾದಂಬರಿ. ಈ ಮೊದಲ ಮೂರು ವಿಭಾಗಗಳನ್ನು ಕೆಲಸಕ್ಕೆ ಹೋಗುವ ಮನುಷ್ಯನೂ ಎರಡು ತಿಂಗಳಲ್ಲಿ ಪೂರ್ತಿ ಓದಿ, ಒಂದನ್ನೊಂದು ಹೋಲಿಸಿ, ನ್ಯಾಯವಾಗಿ ಕ್ರಮ ಕೊಡಬಲ್ಲ. ಕೃತಿಸರಣಿಯ ವಿಭಾಗದ ಮಾತು ಬೇರೆ. ಅಲ್ಲಿಗೆ ಅರ್ಹವಾಗಬೇಕಾದರೆ ಒಂದೊಂದು ಸರಣಿಯೂ ಕನಿಷ್ಠ ಮೂರು ಸಂಪುಟ, 2,40,000 ಪದಗಳಷ್ಟಿರಬೇಕು. ಅಂತಹ ಆರು ಸರಣಿಗಳನ್ನು ಜುಲೈ ತಿಂಗಳ ಗಡುವಿನೊಳಗೆ ಓದಿ ಮುಗಿಸಿ ಮತ ಹಾಕಿದೆ ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಮೊದಲೇ ಅಭಿಮಾನಿಗಳಾದವರ ಮತವೇ ಆ ವಿಭಾಗವನ್ನು ನಿರ್ಧರಿಸುತ್ತದೆ. ಓದದ ವಿಭಾಗವನ್ನು ಖಾಲಿ ಬಿಡುವುದಕ್ಕೆ ಅವಕಾಶವಿದೆ, ಬಿಡುವುದೇ ಮರ್ಯಾದೆ.

ಪುಸ್ತಕಗಳನ್ನು ಬದಿಗಿಟ್ಟು ಮತಪತ್ರವನ್ನೇ ನೋಡಿದರೆ, ಈ ಸೇವೆಯ ಅತ್ಯುತ್ತಮ ಭಾಗ ಅದೇ ಎಂದು ನನಗೆ ಅನ್ನಿಸುತ್ತದೆ. ಅಂತಿಮ ಸುತ್ತಿನಲ್ಲಿ ಒಬ್ಬರಿಗೆ ಗುರುತು ಹಾಕಿ ಮುಗಿಸಬೇಕಾಗಿಲ್ಲ. ಆರು ಕೃತಿಗಳಿಗೂ ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ ಕೊಡಬಹುದು. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಕೊನೆಯ ಸ್ಥಾನದಲ್ಲಿರುವ ಕೃತಿಯನ್ನು ಕೈಬಿಟ್ಟು, ಅದಕ್ಕೆ ಬಿದ್ದ ಮತಗಳನ್ನು ಆಯಾ ಮತದಾರರ ಮುಂದಿನ ಆಯ್ಕೆಗೆ ಸೇರಿಸುತ್ತ ಹೋಗುತ್ತಾರೆ. ಹೀಗಾಗಿ ನನ್ನ ಮೆಚ್ಚಿನ ಕೃತಿ ಗೆಲ್ಲುವುದಿಲ್ಲವೆಂದು ಗೊತ್ತಿದ್ದರೂ ಮತ ವ್ಯರ್ಥವಾಗುವ ಭಯವಿಲ್ಲದೆ ಅದಕ್ಕೇ ಮೊದಲ ಸ್ಥಾನ ಕೊಡಬಹುದು. ಪಟ್ಟಿಯ ಏಳನೆಯ ಸಾಲಿನಲ್ಲಿ ‘ಯಾರಿಗೂ ಪ್ರಶಸ್ತಿ ಬೇಡ’ ಎಂಬ ಆಯ್ಕೆಯೂ ಇದೆ. ಅದು ಶೋಭೆಗಿಟ್ಟದ್ದಲ್ಲ: ಗೆದ್ದ ಕೃತಿಯನ್ನು ಈ ಸಾಲಿಗಿಂತ ಮೇಲಿಟ್ಟವರ ಸಂಖ್ಯೆ ಕೆಳಗಿಟ್ಟವರ ಸಂಖ್ಯೆಗಿಂತ ಕಡಿಮೆಯಿದ್ದರೆ ಪ್ರಶಸ್ತಿಯನ್ನೇ ಕೊಡುವುದಿಲ್ಲ. ನಮ್ಮ ಅಕಾಡೆಮಿಗಳ ಯಾವುದಾದರೊಂದು ಪ್ರಶಸ್ತಿಗೆ ಇಂತಹ ಸಾಲು ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದು ಮೋಜಿನ ಸಂಗತಿ.

ಈ ಸಾಲು ದೊಡ್ಡ ಮಟ್ಟದಲ್ಲಿ ಕೆಲಸಕ್ಕೆ ಬಂದದ್ದು 2015ರಲ್ಲಿ. ಪ್ರಶಸ್ತಿ ಎಡಪಂಥೀಯರ, ಮಹಿಳೆಯರ, ಬಿಳಿಯರಲ್ಲದವರ ಕೈಗೆ ಹೋಗಿದೆ ಎಂದು ಸಿಟ್ಟಾದ ಎರಡು ಗುಂಪುಗಳು ಮೊದಲೇ ತಯಾರಿಸಿದ ಪಟ್ಟಿಯನ್ನು ಹಂಚಿ, ತಮ್ಮವರಿಂದ ಅದನ್ನೇ ಸೂಚಿಸುವಂತೆ ಮಾಡಿ, ಹಲವು ವಿಭಾಗಗಳ ಅಂತಿಮ ಪಟ್ಟಿಯನ್ನು ಪೂರ್ತಿಯಾಗಿ ವಶಪಡಿಸಿಕೊಂಡವು. ಸದಸ್ಯರು ಅದಕ್ಕೆ ಉತ್ತರವಾಗಿ ಐದು ವಿಭಾಗಗಳಲ್ಲಿ ಯಾರಿಗೂ ಪ್ರಶಸ್ತಿ ಬೇಡವೆಂದು ತೀರ್ಪಿತ್ತರು. ಅದೇ ವರ್ಷ ಕಾದಂಬರಿ ವಿಭಾಗದಲ್ಲಿ ಚೀನಾದ ಲಿಯು ಸಿಶಿನ್ ಗೆದ್ದು, ಅನುವಾದಿತ ಕೃತಿಯೊಂದಕ್ಕೆ ಮೊದಲ ಬಾರಿಗೆ ಆ ಗೌರವ ಸಂದಿತು. ಅದರ ಬೆನ್ನಿಗೆ 2016ರಿಂದ ಮೂರು ವರ್ಷ ಸತತವಾಗಿ ಅಮೆರಿಕದ ಕಪ್ಪು ಲೇಖಕಿ ಎನ್. ಕೆ. ಜೆಮಿಸಿನ್ ಗೆದ್ದರು. ಇಂತಹ ದಾಳಿ ಮರುಕಳಿಸದಿರಲೆಂದು 2017ರಿಂದ ಸೂಚನೆಗಳ ಎಣಿಕೆಯ ಕ್ರಮವನ್ನೇ ಬದಲಿಸಿದರು. ಈಗ ಒಬ್ಬ ಸದಸ್ಯನ ಸೂಚನೆಗೆ ಪ್ರತಿ ವಿಭಾಗದಲ್ಲಿ ಒಟ್ಟು ಒಂದು ಅಂಕ. ಅವನು ಐದು ಕೃತಿಗಳನ್ನು ಬರೆದಿದ್ದರೆ ಒಂದೊಂದಕ್ಕೂ ಐದನೇ ಒಂದು ಪಾಲು. ಅವುಗಳಲ್ಲಿ ಒಂದು ಸ್ಪರ್ಧೆಯಿಂದ ಹೊರಬಿದ್ದರೆ ಉಳಿದ ನಾಲ್ಕಕ್ಕೆ ಕಾಲು ಕಾಲು ಪಾಲು. ಒಂದೇ ಪಟ್ಟಿಯನ್ನು ನೂರು ಜನ ನಕಲು ಮಾಡಿ ಬರೆದರೆ ಆ ಐದೂ ಕೃತಿಗಳು ತಮ್ಮತಮ್ಮಲ್ಲೇ ಅಂಕ ಹರಿದು ಹಂಚಿಕೊಂಡು ಸೊರಗುತ್ತವೆ.

ಎಣಿಕೆಯ ವಿಧಾನ ಎಷ್ಟೇ ಜಾಣತನದ್ದಾದರೂ ಎಣಿಸುವವರ ಕೈ ಶುದ್ಧವಾಗಿರಬೇಕಲ್ಲ. ಈ ಸೇವೆಯ ಅತಿ ದೊಡ್ಡ ದೋಷ ಬಯಲಾದದ್ದು ಚೀನಾದಲ್ಲಿ ನಡೆದ 2023ರ ಚೆಂಗ್ಡು ಸಮ್ಮೇಳನದಲ್ಲಿ. ಸಾಮಾನ್ಯವಾಗಿ ಸಮಾರಂಭ ಮುಗಿದ ಕೂಡಲೇ ಹೊರಬೀಳುವ ಸೂಚನೆಗಳ ಅಂಕಿಅಂಶ ಆ ಸಲ ಸುಮಾರು ಮೂರು ತಿಂಗಳು ತಡವಾಗಿ, 2024ರ ಜನವರಿಯಲ್ಲಿ ಬಂತು. ಚೀನಾ ಮೂಲದ ಅಮೆರಿಕನ್ ಲೇಖಕಿ ಆರ್. ಎಫ್. ಕ್ವಾಂಗ್ ಅವರ ಕಾದಂಬರಿಯೂ ಸೇರಿದಂತೆ ಹಲವು ಕೃತಿಗಳು ಸಾಕಷ್ಟು ಸೂಚನೆ ಪಡೆದಿದ್ದರೂ ಯಾವ ಕಾರಣವನ್ನೂ ಕೊಡದೆ ಅವನ್ನು ಅನರ್ಹಗೊಳಿಸಿದ್ದು ಅದರಿಂದ ತಿಳಿಯಿತು. ಮರುತಿಂಗಳು ಬಹಿರಂಗವಾದ ಇಮೇಲ್‌ಗಳು, ಚೀನಾ ಸರ್ಕಾರಕ್ಕೆ ಇರುಸುಮುರುಸು ಆಗಬಹುದೆಂದು ಊಹಿಸಿ ಪಾಶ್ಚಾತ್ಯ ಆಡಳಿತಗಾರರೇ ಲೇಖಕರ ಹಿನ್ನೆಲೆಯನ್ನು ಕೆದಕಿದ್ದನ್ನು ತೋರಿಸಿದವು. ಪ್ರತಿ ವರ್ಷದ ಸಮ್ಮೇಳನವನ್ನೂ ಬೇರೆ ಬೇರೆ ಸಮಿತಿ ನಡೆಸುವುದರಿಂದ ಒಂದು ವರ್ಷದ ಪಾಪಕ್ಕೆ ಮರುವರ್ಷದವರನ್ನು ಹೊಣೆ ಮಾಡಲಾಗದು ಎಂಬ ವಾದ ಕಾನೂನಿನ ಮಟ್ಟಿಗೆ ಸರಿ. ಆದರೆ ಹಣ ಕೊಟ್ಟ ಗ್ರಾಹಕನಿಗೆ ಅದು ಸಮಾಧಾನವಲ್ಲ. ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಒಂದು ಸ್ವತಂತ್ರ ತಪಾಸಣೆ ಇಲ್ಲದಿರುವುದು ಇಂದಿಗೂ ಈ ವ್ಯವಸ್ಥೆಯ ಕೊರತೆ ಎಂದೇ ನನ್ನ ಅಭಿಪ್ರಾಯ.

ಗ್ಲಾಸ್ಗೊ ಸಮಿತಿ ಈ ಕಳಂಕವನ್ನು ಒರೆಸಲು ಮಾಡಿದ ಕೆಲಸವನ್ನು ಹೇಳದಿದ್ದರೆ ಅನ್ಯಾಯವಾದೀತು. ಅಲ್ಲಿಗೆ ಬಂದ 3,813 ಮತಪತ್ರಗಳಲ್ಲಿ 377 ಮತಪತ್ರಗಳು ಯಾರೋ ಒಬ್ಬ ಸ್ಪರ್ಧಿಯ ಪರವಾಗಿ ಸುಳ್ಳು ಹೆಸರುಗಳಲ್ಲಿ ಕೊಂಡ ಸದಸ್ಯತ್ವಗಳಿಂದ ಬಂದವೆಂದು ಪತ್ತೆಹಚ್ಚಿ, ಸಮಾರಂಭಕ್ಕೆ ಮೊದಲೇ ಅವನ್ನು ಸಾರ್ವಜನಿಕವಾಗಿ ತಳ್ಳಿಹಾಕಿತು. ಆ ಸ್ಪರ್ಧಿಗೆ ಇದು ತಿಳಿದಿತ್ತು ಎನ್ನಲು ಆಧಾರವಿಲ್ಲವೆಂದು ಹೇಳಿ ಹೆಸರನ್ನು ಮುಚ್ಚಿಟ್ಟದ್ದೂ ಸಭ್ಯತೆಯ ನಡೆ. ದುಡ್ಡಿಗೆ ಮತ ಸಿಗುವ ವ್ಯವಸ್ಥೆಯಲ್ಲಿ ದುಡ್ಡಿದ್ದವರು ಮತ ಕೊಳ್ಳಲು ನೋಡುವುದು ಆಶ್ಚರ್ಯವೇನಲ್ಲ. ಆಶ್ಚರ್ಯವೆಂದರೆ ಇಷ್ಟೆಲ್ಲ ಖರ್ಚಿನ ಕೊನೆಗೆ ಸಿಗುವುದು ಒಂದು ಲೋಹದ ರಾಕೆಟ್ ಮಾತ್ರ. 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾದಂದಿನಿಂದ ಹ್ಯೂಗೊ ಜೊತೆಗೆ ನಗದು ಬಹುಮಾನವಿಲ್ಲ. ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ 2025ರಲ್ಲಿ ಹಂಚಿಕೊಂಡ ಅಂತರರಾಷ್ಟ್ರೀಯ ಬೂಕರ್‌ನ 50,000 ಪೌಂಡ್ ಎದುರಿಗಿಟ್ಟು ನೋಡಿದರೆ ಹ್ಯೂಗೊದ್ದು ಬರೀ ಗೌರವದ ವ್ಯವಹಾರ.

ಇದಕ್ಕೆ ಬದಲಿ ಬೇಕೆನ್ನುವವರಿಗೆ ಆಯ್ಕೆಗಳು ಕಡಿಮೆ. ನೆಬ್ಯುಲಾ ಪ್ರಶಸ್ತಿಗೆ ಇದೇ ಬಗೆಯ ಸಾಹಿತ್ಯ ಬರೆಯುವವರ, ಅಮೆರಿಕ ಮೂಲದ ಸಂಘದ ಸದಸ್ಯರಷ್ಟೇ ಮತ ಹಾಕುತ್ತಾರೆ. ಶ್ರೀಲಂಕಾದ ವಜ್ರ ಚಂದ್ರಶೇಖರ ಅವರ ಕಾದಂಬರಿ ಅಲ್ಲಿ ಗೆದ್ದು, ಅದೇ 2024ರ ಹ್ಯೂಗೊದಲ್ಲಿ ಅಂತಿಮ ಪಟ್ಟಿಯಲ್ಲೇ ನಿಂತಿತು. ಲೇಖಕರ ರುಚಿಗೂ ಓದುಗರ ರುಚಿಗೂ ಇರುವ ಅಂತರಕ್ಕೆ ಇದೊಂದು ಉದಾಹರಣೆ. ಬ್ರಿಟನ್ನಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯನ್ನು ತೀರ್ಪುಗಾರರ ಮಂಡಳಿ ನಿರ್ಧರಿಸುತ್ತದೆ. ಭವಿಷ್ಯದ ಬೆಂಗಳೂರನ್ನು ಚಿತ್ರಿಸಿದ ಲಾವಣ್ಯ ಲಕ್ಷ್ಮೀನಾರಾಯಣ್ ಅವರ ಇಂಗ್ಲಿಷ್ ಕೃತಿ 2024ರಲ್ಲಿ ಅದರ ಕಿರುಪಟ್ಟಿಗೆ ಬಂದಿತ್ತು. ಓದುಗರಾಗಿ ನಮಗೆ ಈ ಎರಡರಲ್ಲೂ ಪ್ರವೇಶವಿಲ್ಲ.

ಹ್ಯೂಗೊದಲ್ಲಿ ಇರುವ ಪ್ರವೇಶ ಕನ್ನಡಿಗರಿಗೆ ಎಷ್ಟು ಉಪಯೋಗ ಎಂಬ ಪ್ರಶ್ನೆ ಉಳಿಯುತ್ತದೆ. ನಿಯಮದಲ್ಲಿ ಭಾಷೆಯ ಅಡ್ಡಗೋಡೆ ಇಲ್ಲ: ಕನ್ನಡದ ವೈಜ್ಞಾನಿಕ ಕಥೆಯೊಂದು ಮೊದಲು ಪ್ರಕಟವಾದ ವರ್ಷಕ್ಕೂ ಅರ್ಹ, ಮುಂದೆ ಇಂಗ್ಲಿಷಿಗೆ ಅನುವಾದವಾಗಿ ಬಂದ ವರ್ಷಕ್ಕೆ ಮತ್ತೊಮ್ಮೆಯೂ ಅರ್ಹ. ಸಣ್ಣ ವಿಭಾಗಗಳಲ್ಲಿ ನೂರಕ್ಕಿಂತ ಕಡಿಮೆ ಸೂಚನೆಗಳಿಂದಲೇ ಅಂತಿಮ ಪಟ್ಟಿಗೆ ಬಂದ ಉದಾಹರಣೆಗಳು ಬೇಕಾದಷ್ಟಿವೆ. ಬೆಂಗಳೂರಿನಿಂದ ಬೇ ಏರಿಯಾದವರೆಗೆ ಹರಡಿರುವ ಕನ್ನಡ ಓದುಗರಲ್ಲಿ ಅಷ್ಟು ಜನ ಸೇರುವುದು ಕಷ್ಟವಲ್ಲ. ಆದರೆ ಓದದೆ ಊರಭಿಮಾನಕ್ಕೆ ಮತ ಒತ್ತಿದರೆ 2015ರ ಗುಂಪುಗಳಿಗಾದ ಗತಿಯೇ ನಮಗೂ ಆದೀತು, ಆಗಬೇಕಾದದ್ದೂ ಅದೇ. ಅಂತಿಮ ಸುತ್ತಿನ ಸಾವಿರಾರು ಮತದಾರರು ಓದಲಾಗದ ಕೃತಿಗೆ ಕ್ರಮಸಂಖ್ಯೆ ಕೊಡುವುದಿಲ್ಲ. ಆದ್ದರಿಂದ ಮೊದಲ ಅವಕಾಶವನ್ನು ಬಿಟ್ಟುಕೊಟ್ಟು ಎರಡನೆಯದಕ್ಕೆ ಕಾಯುವುದು ಲೇಸು: ಒಳ್ಳೆಯ ಕಥೆಯೊಂದು ಒಳ್ಳೆಯ ಇಂಗ್ಲಿಷಿನಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದ ಮರುವರ್ಷ, ಜನವರಿ ಮುಗಿಯುವ ಮೊದಲು ಈ ಸದಸ್ಯತ್ವ ಕೊಳ್ಳಿ. ಬರೀ ಓದಿನ ಆಸೆಗಾದರೆ ಏಪ್ರಿಲ್‌ವರೆಗೆ ತಾಳಿ, ಅಂತಿಮ ಪಟ್ಟಿಯಲ್ಲಿ ಏನೇನಿದೆ ನೋಡಿಕೊಂಡು, ಆಮೇಲೆ ಕಾರ್ಡು ತೆಗೆಯಿರಿ.