ಸೈಕಲ್ ರೈಲಿಗೆ ಹಾಕಿಸಲು ಏಜೆಂಟ್ ಕೈಗೆ ದುಡ್ಡು ಕೊಡಬೇಡಿ

ತುಮಕೂರಿನ ಸೈಕಲ್ ಗೆಳೆಯರೇ, ದಯವಿಟ್ಟು ಇದನ್ನು ಓದಿ. ನಿಮ್ಮ ಸೈಕಲ್ ರೈಲಿಗೆ ಹಾಕಿಸಿಕೊಡುತ್ತೇನೆ ಎಂದ ಏಜೆಂಟ್ ಮಾತು ನಂಬಿ ನಾನು ಮೋಸ ಹೋದೆ. ನಾನೊಬ್ಬನೇ ಆಗಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ನನ್ನನ್ನು ನಂಬಿ ಬಂದ ಐದು ಜನಕ್ಕೂ ತೊಂದರೆ ಕೊಟ್ಟೆ.

ನಾವು ಭಾನುವಾರ ದೇವರಾಯನದುರ್ಗ ಹತ್ತಿ ಇಳಿಯುವ ಗುಂಪು. ಈ ಸಲ ರಾತ್ರಿಯ ತಾಳಗುಪ್ಪ ಗಾಡಿಯಲ್ಲಿ ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ ದಾಟಿ ಆಗುಂಬೆವರೆಗೆ ತುಳಿಯೋಣ ಅಂತ ಮಾಡಿಕೊಂಡಿದ್ದೆವು. ಟಿಕೆಟ್, ರೂಮು, ಸೈಕಲ್ ಸಾಗಿಸುವುದು, ಎಲ್ಲಾ ನನ್ನ ಜವಾಬ್ದಾರಿ.

ಪರಿಚಯದವರೊಬ್ಬರು ಈ ಏಜೆಂಟ್ ನಂಬರ್ ಕೊಟ್ಟರು. ಒಂದು ಸೈಕಲ್ಲಿಗೆ 700 ರೂಪಾಯಿ, ಆರಕ್ಕೆ 4,200. ಜಾಸ್ತಿ ಆಯ್ತಲ್ಲ ಅಂದೆ. "ಸಾರ್, ರಾತ್ರಿ ಗಾಡಿ ಎರಡು ನಿಮಿಷ ನಿಲ್ಲುತ್ತೆ. ಆರು ಸೈಕಲ್ ನೀವು ಹಾಕೋಕಾಗುತ್ತಾ? ನಮ್ ಹುಡುಗ್ರು ಹಾಕ್ತಾರೆ, ನೀವು ಆರಾಮಾಗಿ ಮಲ್ಕೊಳ್ಳಿ" ಅಂದ. ಮಾತು ಸರಿ ಅನಿಸಿತು. ಪೂರ್ತಿ ದುಡ್ಡು ಫೋನ್‌ಪೇ ಮಾಡಿದೆ. ಪೂರ್ತಿ! ಅರ್ಧ ಇಟ್ಟುಕೊಂಡಿದ್ದರೂ ಕಥೆ ಬೇರೆ ಇರುತ್ತಿತ್ತು.

ಸಂಜೆ ನಾಲ್ಕಕ್ಕೇ ಅವನ ಶೆಡ್ಡಿಗೆ ಸೈಕಲ್ ಬಿಟ್ಟು ಬಂದೆವು. ನಮ್ಮ ಜೊತೆ ನಿವೃತ್ತ ಮೇಷ್ಟ್ರೊಬ್ಬರಿದ್ದರು, ಈ ಪ್ರವಾಸಕ್ಕೆಂದೇ ಹೊಸ ಟೈರು, ಹೊಸ ಲೈಟು ಹಾಕಿಸಿದ್ದರು. ರಟ್ಟಿನ ಮೇಲೆ ದುಂಡಗಿನ ಅಕ್ಷರದಲ್ಲಿ "ತುಮಕೂರು – ಶಿವಮೊಗ್ಗ ಟೌನ್" ಅಂತ ಬರೆದು, ಆರೂ ಹ್ಯಾಂಡಲ್ಲಿಗೆ ತಾವೇ ಸೆಣಬಿನ ದಾರದಲ್ಲಿ ಕಟ್ಟಿದರು.

ರಸೀದಿ ಕೇಳಿದ್ದಕ್ಕೆ ರಾತ್ರಿ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ರೈಲ್ವೆ ರಸೀದಿಯೇ. ಅಷ್ಟು ನೋಡಿ ಸುಮ್ನಾದೆ. ಗಾಡಿ ಬಂದಾಗ ನಮ್ಮ ಬೋಗಿ ಒಂದು ತುದಿ, ಸಾಮಾನು ಹಾಕುವ ಬೋಗಿ, ಅಂದರೆ ಬ್ರೇಕ್ ವ್ಯಾನ್, ಇನ್ನೊಂದು ತುದಿ. ಫೋನ್ ಮಾಡಿದೆ. "ಲೋಡ್ ಆಯ್ತು ಸಾರ್, ಹತ್ಕೊಳ್ಳಿ ಹತ್ಕೊಳ್ಳಿ" ಅಂದ. ಹತ್ತಿದೆವು.

ಶಿವಮೊಗ್ಗದಲ್ಲಿ ಇನ್ನೂ ಕತ್ತಲು. ಹೆಲ್ಮೆಟ್ ಹಾಕಿಕೊಂಡು ಆರು ಜನ ಬ್ರೇಕ್ ವ್ಯಾನ್ ಹತ್ತಿರ ಓಡಿದೆವು. ಮೂಟೆ ಇಳಿದವು, ಪೆಟ್ಟಿಗೆ ಇಳಿದವು. ಸೈಕಲ್ ಇಲ್ಲ. ಅಲ್ಲಿದ್ದ ಸಿಬ್ಬಂದಿ ರಸೀದಿ ಕೇಳಿದರು. ಫೋಟೊ ತೋರಿಸಿದೆ. ಅವರು ಅದನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, "ಇದು ಹೋದ ತಿಂಗಳದ್ದಲ್ವಾ? ಅದೂ ಎರಡೇ ನಗ" ಅಂದರು. ಹೌದು. ತಾರೀಖು ಹೋದ ತಿಂಗಳದ್ದು. ನಗ, ಅಂದರೆ ಸಾಮಾನಿನ ಸಂಖ್ಯೆ, ಎರಡು. ಇಡೀ ರಾತ್ರಿ ನನ್ನ ಜೇಬಲ್ಲೇ ಇತ್ತು ಆ ಫೋಟೊ, ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಐದು ಜನರ ಮುಖ ನೋಡಲು ಆಗಲಿಲ್ಲ ನನಗೆ. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ. ಗ್ಲೌಸ್ ಬಿಚ್ಚಿ, ಮಡಿಚಿ, ಬ್ಯಾಗಿಗೆ ಹಾಕಿಕೊಂಡರು. ಬೈದಿದ್ದರೇ ಚೆನ್ನಾಗಿತ್ತು.

ಏಜೆಂಟ್ ಕೊಟ್ಟ ಉತ್ತರಗಳನ್ನು ಕೇಳಿ. ಮೊದಲು, "ಮುಂದಿನ ಗಾಡೀಲಿ ಬರುತ್ತೆ ಸಾರ್." ಮುಂದಿನ ಗಾಡಿಯಲ್ಲೂ ಬರಲಿಲ್ಲ. ಆಮೇಲೆ, "ಗಾರ್ಡ್ ಜಾಗ ಇಲ್ಲ ಅಂದ್ರು, ನಾನೇನ್ ಮಾಡ್ಲಿ?" ಹಾಗಾದರೆ ಲೋಡ್ ಆಯ್ತು ಅಂದಿದ್ದು ಯಾಕೆ? "ಹುಡುಗ ಹೇಳ್ದ, ನಾನು ಹೇಳ್ದೆ." ರಸೀದಿ? "ಅದು ಸ್ಯಾಂಪಲ್ ಕಳ್ಸಿದ್ದು ಸಾರ್." ಸ್ಯಾಂಪಲ್ ಅಂತೆ!

ಆಗುಂಬೆ ರೂಮಿನ ಅಡ್ವಾನ್ಸ್ ಹೋಯಿತು. ವಾಪಸ್ ಬಂದು ನೋಡಿದರೆ ಆರೂ ಸೈಕಲ್ ಅದೇ ಶೆಡ್ಡಿನಲ್ಲಿ, ಒಂದರ ಮೇಲೊಂದು ಒರಗಿಸಿಟ್ಟಿದ್ದ. ಮೇಷ್ಟ್ರು ಕಟ್ಟಿದ ರಟ್ಟು ಹಾಗೇ ಇತ್ತು, ಲೈಟು ಇರಲಿಲ್ಲ. ನನ್ನ ಸೈಕಲ್ಲಿನ ಹಿಂದಿನ ಗೇರ್ ಬಾಗಿತ್ತು. 4,200ರಲ್ಲಿ 1,500 ವಾಪಸ್ ಕೊಟ್ಟ. ಉಳಿದದ್ದು "ಲೇಬರ್ ಚಾರ್ಜ್". ಯಾವ ಲೇಬರ್?

ಆಮೇಲೆ ವಿಚಾರಿಸಿದಾಗ ಗೊತ್ತಾಗಿದ್ದು ಹೇಳುತ್ತೇನೆ. ಸ್ಲೀಪರ್ ಟಿಕೆಟ್ಟಿಗೆ 40 ಕೆಜಿ ಲಗೇಜ್ ಫ್ರೀ ಇದ್ದರೂ ಸೈಕಲ್ ಅದರಲ್ಲಿ ಸೇರುವುದಿಲ್ಲ, ಬುಕ್ ಮಾಡಲೇಬೇಕು. ನಿಮ್ಮ ಟಿಕೆಟ್ ತೋರಿಸಿ ಪಾರ್ಸೆಲ್ ಕೌಂಟರಿನಲ್ಲಿ ನೀವೇ ಲಗೇಜ್ ಅಂತ ಬುಕ್ ಮಾಡಿ. ಬರೀ ಪಾರ್ಸೆಲ್ ಅಂತ ಬುಕ್ ಆದರೆ ಬೇರೆ ಗಾಡಿಯಲ್ಲೂ ಹೋಗಬಹುದು. ಗಾಡಿಗೆ ಅರ್ಧ ಗಂಟೆ ಮೊದಲಾದರೂ ಸೈಕಲ್ ಅಲ್ಲಿರಬೇಕು, ಆರಿದ್ದರೆ ಇನ್ನೂ ಬೇಗ ಹೋಗಿ. ಅಸಲು ರಸೀದಿ ಕೈಯಲ್ಲಿರಲಿ. ತಾರೀಖು, ಊರು, ಎಷ್ಟು ನಗ ಅಂತ ಅಲ್ಲೇ ನಿಂತು ಓದಿ. ಒಬ್ಬರು ಬ್ರೇಕ್ ವ್ಯಾನ್ ಹತ್ತಿರವೇ ನಿಂತು, ಸೈಕಲ್ ಒಳಗೆ ಹೋಗುವುದನ್ನು ಕಣ್ಣಾರೆ ನೋಡಲಿ. ಫೋಟೊ ನಂಬಬೇಡಿ. ಫೋಟೊ ಮಾತ್ರ ನಂಬಲೇಬೇಡಿ.

ಬಾಕಿ 2,700ಕ್ಕೆ ದಿನಾ ಫೋನ್ ಮಾಡುತ್ತಿದ್ದೇನೆ, ಎತ್ತುತ್ತಿಲ್ಲ. ಮೇಷ್ಟ್ರಿಗೆ ಲೈಟು ನಾನೇ ಕೊಡಿಸುತ್ತೇನೆ ಅಂದೆ, ಬೇಡ ಅಂದರು. ಹೋದ ಭಾನುವಾರ ಅವರು ಸವಾರಿಗೆ ಬರಲಿಲ್ಲ.