ಇ1000, ವರ್ಟಿಯೋ, ವಿಹೋಸ್ಟ್: ವಿಎಂ ನೆಟ್‌ವರ್ಕಿಗೆ ಯಾವುದು ವಾಸಿ?

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ನಾಲ್ಕು ಜನರ ಪುಟ್ಟ ಆಫೀಸು. ಮೂಲೆಯಲ್ಲಿರುವ ಒಂದೇ ಸರ್ವರ್ ಮೇಲೆ ಆರು ವಿಎಂ, ಅಂದರೆ ಸಾಫ್ಟ್‌ವೇರ್‌ನಿಂದ ಮಾಡಿದ ಆರು ಕಂಪ್ಯೂಟರ್, ಓಡುತ್ತವೆ. ರಾತ್ರಿ ಹಾಕಿದ ಬ್ಯಾಕಪ್ ಬೆಳಗಾದರೂ ಮುಗಿಯುತ್ತಿರಲಿಲ್ಲ. ಸುಮ್ನೆ ಡಿಸ್ಕನ್ನು ಬೈದುಕೊಂಡೆವು. ತಪ್ಪು ಇದ್ದದ್ದು ವಿಎಂಗಳಿಗೆ ನಾನೇ ಆರಿಸಿದ್ದ ನೆಟ್‌ವರ್ಕ್ ಕಾರ್ಡಿನಲ್ಲಿ.

ಅದು ಇ1000. ಇಂಟೆಲ್‌ನ ಹಳೇ ಗಿಗಾಬಿಟ್ ಕಾರ್ಡಿನ ವೇಷ ಹಾಕಿಕೊಂಡ ಸಾಫ್ಟ್‌ವೇರ್. ಗೆಸ್ಟ್ (ವಿಎಂ ಒಳಗಿನ ಓಎಸ್) ಅದರ ರಿಜಿಸ್ಟರ್ (ಕಾರ್ಡಿಗೆ ಆಜ್ಞೆ ಬರೆಯುವ ಜಾಗ) ಮುಟ್ಟಿದಾಗೆಲ್ಲ ಸಿಪಿಯು ವಿಎಂ ಬಿಟ್ಟು ಹೋಸ್ಟಿಗೆ, ಅಂದರೆ ಅಸಲಿ ಸರ್ವರ್‌ಗೆ, ಬಂದು ಹೋಗಬೇಕು. ಮಂಡ್ಯದವರಿಗೆ ಹೇಳುವುದಾದರೆ, ಒಂದೊಂದು ಕಬ್ಬಿನ ಜಲ್ಲೆಗೂ ಬೇರೆ ಬೇರೆ ತೂಕದ ಚೀಟಿ ಬರೆಸಿದ ಹಾಗೆ!

ವಿಎಂಗಳಿಗೆಂದೇ ಮಾಡಿದ ವರ್ಟಿಯೋ 2008ರಿಂದಲೇ ಲಿನಕ್ಸ್ ಕರ್ನಲ್‌ನಲ್ಲಿ (ಓಎಸ್‌ನ ತಿರುಳಿನಲ್ಲಿ) ಇದೆ. ಇದು ಯಾವ ಕಾರ್ಡಿನ ವೇಷವನ್ನೂ ಹಾಕುವುದಿಲ್ಲ. ಗೆಸ್ಟ್, ಹೋಸ್ಟ್ ಇಬ್ಬರಿಗೂ ಕಾಣುವ ಮೆಮೊರಿಯಲ್ಲಿ ಒಂದು ರಿಂಗ್, ಅಂದರೆ ಪ್ಯಾಕೆಟ್‌ಗಳ (ಡೇಟಾ ತುಣುಕುಗಳ) ಸರತಿ, ಇರುತ್ತದೆ. ಗಾಡಿ ತುಂಬಿಸಿ ಒಂದೇ ಸಲ ಕೂಗಿದರೆ ಸಾಕು. ಇದನ್ನು ಹಾಕಿದ ದಿನವೇ ಬ್ಯಾಕಪ್ ರಾತ್ರಿಯೊಳಗೆ ಮುಗಿಯಿತು.

ಆದರೂ ಯಾವ ಪ್ರೋಗ್ರಾಂ ಎಷ್ಟು ಸಿಪಿಯು ಬಳಸುತ್ತಿದೆ ಅಂತ ತೋರಿಸುವ ಟಾಪ್‌ನಲ್ಲಿ, ವಿಎಂಗಳನ್ನು ಓಡಿಸುವ ಕ್ಯೂಎಮು ಒಂದು ಕೋರನ್ನು ಪೂರ್ತಿ ತಿನ್ನುತ್ತಿತ್ತು. ನಾನು ಕ್ಯೂಎಮುವನ್ನು ಕೈಯಾರೆ ಕಮಾಂಡ್ ಬರೆದು ಓಡಿಸುವವನು, ವಿಹೋಸ್ಟ್ ಆನ್ ಮಾಡುವುದನ್ನೇ ಮರೆತಿದ್ದೆ. ಆನ್ ಮಾಡಿದರೆ ಪ್ಯಾಕೆಟ್ ಸಾಗಿಸುವ ಕೆಲಸ ಕ್ಯೂಎಮು ಕೈಬಿಟ್ಟು ಹೋಸ್ಟ್ ಕರ್ನಲ್‌ಗೆ ಹೋಗುತ್ತದೆ. ಟಾಪ್‌ನಲ್ಲಿ ವಿಹೋಸ್ಟ್ ಹೆಸರಿನ ಥ್ರೆಡ್ ಕಂಡರೆ ಅದು ನಡೆಯುತ್ತಿದೆ ಅಂತ ಅರ್ಥ. ಒಂದು ಪದ ಸೇರಿಸಿದ್ದಕ್ಕೆ ಇಷ್ಟು ಲಾಭ ಬೇರೆಲ್ಲೂ ಸಿಗಲಿಲ್ಲ.

ಒಂದೇ ಕಾರ್ಡಿಗೆ ಹಲವು ಸರತಿ (ಕ್ಯೂ) ಕೊಡುವ ಮಲ್ಟಿಕ್ಯೂನಲ್ಲಿ ಮಾತ್ರ ಒಂದು ಭಾನುವಾರ ಹಾಳಾಯಿತು. ನಾಲ್ಕು ವಿಸಿಪಿಯುಗೆ (ವಿಎಂಗೆ ಕಾಣುವ ಸಿಪಿಯು) ನಾಲ್ಕು ಕ್ಯೂ ಕೊಟ್ಟೆ, ಕಾರ್ಡಿನ ಸೆಟ್ಟಿಂಗ್ ತೋರಿಸುವ ಈಥ್‌ಟೂಲ್‌ನಲ್ಲಿ ನಾಲ್ಕೂ ಇವೆ ಅಂತ ನೋಡಿಕೊಂಡೆ. ವೇಗ ಅಳೆಯುವ ಐಪರ್ಫ್3ರಲ್ಲಿ ನಾಲ್ಕು ಸ್ಟ್ರೀಮ್ (ಕನೆಕ್ಷನ್) ಬಿಟ್ಟರೂ ವೇಗ ಕದಲಲಿಲ್ಲ. ಕೊನೆಗೆ ಗೊತ್ತಾಯಿತು: 3.16ಕ್ಕಿಂತ ಹಿಂದಿನ ಐಪರ್ಫ್3 ಎಷ್ಟು ಸ್ಟ್ರೀಮ್ ಕೊಟ್ಟರೂ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೋರಿನಲ್ಲಿ, ಓಡುತ್ತದೆ. ತಕ್ಕಡಿಯೇ ಕೆಟ್ಟಿದ್ದರೆ ಬೆಲ್ಲವನ್ನು ಬೈದು ಏನು ಪ್ರಯೋಜನ, ಅಲ್ವಾ? ಹೊಸ ಆವೃತ್ತಿ ಹಾಕಿದ ಮೇಲೆ ವೇಗ ಏರಿತು. ಆದರೆ ಒಂದೇ ಕನೆಕ್ಷನ್‌ನಲ್ಲಿ ಓಡುವ ನಮ್ಮ ಬ್ಯಾಕಪ್‌ಗೆ ಅದರಿಂದ ಏನೂ ಉಪಯೋಗವಿಲ್ಲ. ತೆಗೆದುಬಿಟ್ಟೆ.

ಕಾರ್ಡನ್ನೇ ನೇರ ವಿಎಂಗೆ ಕೊಡುವ ಪಾಸ್‌ಥ್ರೂ ಕೂಡ ನೋಡಿದೆ. ಸಿಪಿಯು ಖರ್ಚು ಎಲ್ಲಕ್ಕಿಂತ ಕಡಿಮೆ. ಆದರೆ ಓಡುತ್ತಿರುವ ವಿಎಂ ಅನ್ನು ಇನ್ನೊಂದು ಯಂತ್ರಕ್ಕೆ ಸಾಗಿಸಲು ಆಗಲಿಲ್ಲ. ನಮಗೆ ಪಾಸ್‌ಥ್ರೂ ಬೇಡ.

ಈಗ ಐದು ವಿಎಂ ವಿಹೋಸ್ಟ್ ಜೊತೆ ವರ್ಟಿಯೋದಲ್ಲಿವೆ. ಆರನೆಯದು ಬಿಲ್ಲಿಂಗ್‌ನ ವಿಂಡೋಸ್ ಯಂತ್ರ. ಅದಕ್ಕೆ ವರ್ಟಿಯೋ ಡ್ರೈವರ್ ಬೇರೆಯಾಗಿ ಹಾಕಬೇಕು. ದಿನಕ್ಕೆ ಹತ್ತು ಬಿಲ್ ಹಾಕುವ ಅದು ಇನ್ನೂ ಇ1000ರಲ್ಲೇ ಹಾಯಾಗಿದೆ.